ದುರ್ಗದ ಸೀಮೆಯಲ್ಲಿ ಮುಂದಾಳುತನದ ಕಲ್ಪನೆ: ಪಾಳೆಯಪಟ್ಟಿನಿಂದ ಪಂಚಾಯಿತಿಯವರೆಗೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳು ಮಳೆಯನ್ನು ನೆಚ್ಚಿಕೊಳ್ಳಲಾಗದ ಬಯಲುಸೀಮೆಗೆ ಸೇರಿದವು. ಬಾಳು ಸಾರ್ಥಕವಾಯಿತೆಂದು ಯಾವಾಗ ಹೇಳಬಹುದು, ಹತ್ತು ಜನರನ್ನು ಮುನ್ನಡೆಸುವವರಲ್ಲಿ ಇರಬೇಕಾದ ಗುಣವಾವುದು ಎಂಬ ಪ್ರಶ್ನೆಗಳಿಗೆ ಈ ಸೀಮೆ ಒಂದೊಂದು ಕಾಲದಲ್ಲಿ ಒಂದೊಂದು ಉತ್ತರ ಕಂಡುಕೊಂಡಿದೆ. ಆದರೂ ತಾನು ಕಟ್ಟಿದ್ದು ತನ್ನ ನಂತರವೂ ನಡೆಯುತ್ತದೆಯೇ ಎಂಬ ಅಳತೆಗೋಲು ಆ ಎಲ್ಲ ಉತ್ತರಗಳ ಹಿಂದೆಯೂ ಕಾಣಿಸುತ್ತದೆ.

ಮೊದಲ ಮಾದರಿ ಪಾಳೆಯಗಾರನದು, ಅಂದರೆ ವಿಜಯನಗರದ ಅಧೀನದಲ್ಲಿ ದಂಡು ಸಾಕಿ ಸೀಮೆಯೊಂದನ್ನು ಆಳಿ, ಆ ಸಾಮ್ರಾಜ್ಯ ಕುಸಿದ ಮೇಲೆ ಸ್ವತಂತ್ರನಾದ ನಾಯಕನದು. 1779ರಲ್ಲಿ ಹೈದರಾಲಿಗೆ ಚಿತ್ರದುರ್ಗದ ಕೋಟೆ ಒಪ್ಪಿಸಬೇಕಾಗಿ ಬಂದ ಮದಕರಿನಾಯಕನನ್ನು ಜನಪದ ಇಂದಿಗೂ ಶೌರ್ಯಕ್ಕಾಗಿ ನೆನೆಯುತ್ತದೆ. ಥಾಮಸ್ ಕಾರ್ಲೈಲ್ 1841ರ ತನ್ನ ಗ್ರಂಥದಲ್ಲಿ ಚರಿತ್ರೆಯನ್ನು ನಡೆಸುವವರು ಮಹಾಪುರುಷರೆಂದು ವಾದಿಸಿದ್ದು ಇಂಥ ನೆನಪಿಗೆ ಹತ್ತಿರದ ನಿಲುವು. ಆದರೆ ಅದೇ ಕೋಟೆಯ ಕಿಂಡಿಯ ಬಳಿ ಒನಕೆ ಹಿಡಿದು ಹೈದರಾಲಿಯ ಸೈನಿಕರನ್ನು ತಡೆದು ನಿಂತ ಓಬವ್ವ ಕಾವಲುಗಾರನೊಬ್ಬನ ಮಡದಿ. ಅವಳಿಗೆ ಪಟ್ಟವೂ ಇರಲಿಲ್ಲ, ಪದವಿಯೂ ಇರಲಿಲ್ಲ. ಮಹಾಪುರುಷ ಸಿದ್ಧಾಂತಕ್ಕೆ ಈ ಸೀಮೆಯೊಳಗಿನ ಉತ್ತರ ಅವಳೇ. ಕೋಟೆಯ ನೀರಿನ ವ್ಯವಸ್ಥೆಯೂ ಇಷ್ಟೇ ಗಮನಾರ್ಹ: ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿ ಹರಿದ ನೀರು ಅಕ್ಕ ತಂಗಿ ಹೊಂಡಕ್ಕೂ ಅಲ್ಲಿಂದ ಕೆಳಗೆ ಪೇಟೆಯ ಹೊಂಡಗಳಿಗೂ ಇಳಿಯುವಂತೆ ಕಟ್ಟಿದವರ ಹೆಸರುಗಳು ಹಾಡುಗಳಲ್ಲಿ ಉಳಿಯದಿದ್ದರೂ ಅವರ ಕೆಲಸ ಉಳಿದಿದೆ.

ಮೈಸೂರು ಸಂಸ್ಥಾನದ ಕಾಲದಲ್ಲಿ ನೀರು ಒದಗಿಸುವ ಈ ಹೊಣೆ ದಿವಾನರಿಗೂ ಎಂಜಿನಿಯರುಗಳಿಗೂ ಸಂದಿತು. ಹಿರಿಯೂರು ತಾಲ್ಲೂಕಿನಲ್ಲಿ ವೇದಾವತಿಗೆ ಅಡ್ಡಲಾಗಿ 1898ರಿಂದ 1907ರವರೆಗೆ ಕಟ್ಟಿದ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಷ್ಟು ದೀರ್ಘ ಕಾಲದ ಲೆಕ್ಕದ ಮುಂದೆ ಒಬ್ಬರ ಅಧಿಕಾರಾವಧಿಯ ಯಶಸ್ಸು ಬಹಳ ಚಿಕ್ಕದು.

ಪ್ರಜಾಪ್ರತಿನಿಧಿ ಎಂಬ ಹೊಸ ಬಗೆಯ ಮುಂದಾಳುತನವನ್ನು ಇಲ್ಲಿ ರೂಪಿಸಿದವರಲ್ಲಿ ಚಿತ್ರದುರ್ಗದಲ್ಲಿ ವಕೀಲಿ ಮಾಡುತ್ತಿದ್ದ ಎಸ್. ನಿಜಲಿಂಗಪ್ಪನವರು (1902–2000) ಅಗ್ರಗಣ್ಯರು. 1939ರಲ್ಲಿ ಅವರೂ ಪಾಲ್ಗೊಂಡ ತುರುವನೂರಿನ ಅರಣ್ಯ ಸತ್ಯಾಗ್ರಹದಲ್ಲಿ ಜನರು ಈಚಲು ಮರ ಕಡಿದರು. ಹೆಂಡದ ಮೂಲವೂ ಸರ್ಕಾರದ ಅಬಕಾರಿ ವರಮಾನದ ಮೂಲವೂ ಆ ಮರವೇ ಆದ್ದರಿಂದ, ಕೊಡಲಿ ಹಿಡಿದ ಸಾಮಾನ್ಯ ರೈತನೂ ಆ ಹೋರಾಟದ ಅರ್ಥವನ್ನು ಬಲ್ಲವನಾಗಿದ್ದ. 1956ರಲ್ಲಿ ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿಯಾದ ನಿಜಲಿಂಗಪ್ಪನವರು 1958ರಲ್ಲಿ ಸ್ಥಾನ ಕಳೆದುಕೊಂಡರು. 1962ರ ಚುನಾವಣೆಯಲ್ಲಿ ಹೊಸದುರ್ಗದ ಮತದಾರರು ಅವರನ್ನು ಸೋಲಿಸಿದರು; ಎಸ್.ಆರ್. ಕಂಠಿಯವರು ಕೆಲವು ತಿಂಗಳು ಮುಖ್ಯಮಂತ್ರಿಯಾಗಿದ್ದು, ನಿಜಲಿಂಗಪ್ಪನವರು ಬಾಗಲಕೋಟೆಯಿಂದ ಆಯ್ಕೆಯಾದ ಮೇಲೆ ಅಧಿಕಾರವನ್ನು ಅವರಿಗೆ ಬಿಟ್ಟುಕೊಟ್ಟರು. ಈ ಪ್ರಸಂಗದಲ್ಲಿ ಸೋಲನ್ನು ಒಪ್ಪಿಕೊಂಡವರಷ್ಟೇ ಕುರ್ಚಿಯನ್ನು ಹಿಂದಿರುಗಿಸಿದವರೂ ಸ್ಮರಣೀಯರು, ಆದರೆ ಕಂಠಿಯವರ ಆ ನಡೆಗೆ ಸಲ್ಲಬೇಕಾದ ಗೌರವ ಇನ್ನೂ ಪೂರ್ತಿಯಾಗಿ ಸಂದಿಲ್ಲ.

ರಾಜಕಾರಣದ ಹೊರಗೆ ಬೆಳೆದ ಧಾರೆ ಇನ್ನೂ ಆಳವಾದದ್ದು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ 1943ರಲ್ಲಿ ಅನಾಥ ಸೇವಾಶ್ರಮವನ್ನು ಸ್ಥಾಪಿಸಿದ ರಾಘವೇಂದ್ರ ಸ್ವಾಮೀಜಿ ಯೋಗ, ವ್ಯಾಯಾಮ, ಆಯುರ್ವೇದ ಚಿಕಿತ್ಸೆ ಮತ್ತು ಶಾಲೆಗಳನ್ನು ಒಂದೆಡೆ ತಂದರು. ಅದಕ್ಕೆ ಬೇಕಾದ ಹಣವನ್ನು ಜೋಳಿಗೆ ಹಿಡಿದು ಬೇಡಿದರು. ‘ತಿರುಕ’ ಎಂಬ ಹೆಸರಿನಲ್ಲಿ ಬರೆದರು. ಸಾವಿರಾರು ಮಕ್ಕಳಿಗೆ ದಾರಿ ತೋರಿಸಿದ ವ್ಯಕ್ತಿ ತನ್ನನ್ನು ಭಿಕ್ಷುಕನೆಂದೇ ಕರೆದುಕೊಂಡದ್ದರ ಹಿಂದೆ, ಸಂಸ್ಥೆ ಕೊಟ್ಟವರದ್ದು, ನಡೆಸುವವನದ್ದಲ್ಲ ಎಂಬ ಖಚಿತ ತಿಳಿವಳಿಕೆಯಿದೆ. ಅಮೆರಿಕದ ರಾಬರ್ಟ್ ಗ್ರೀನ್‌ಲೀಫ್ ‘ಸೇವಕ ನಾಯಕತ್ವ’ವನ್ನು, ಅಂದರೆ ಸೇವೆಯ ಹಂಬಲ ಮೊದಲು ಮೂಡಿ ಮುಂದಾಳುತನ ಆಮೇಲೆ ಬರಬೇಕೆಂಬ ವಿಚಾರವನ್ನು, ಪ್ರಬಂಧವಾಗಿ ಮಂಡಿಸಿದ್ದು 1970ರಲ್ಲಿ, ಮಲ್ಲಾಡಿಹಳ್ಳಿ ಆ ಹೊತ್ತಿಗೆ ಕಾಲು ಶತಮಾನದ ಅನುಭವ ಗಳಿಸಿತ್ತು. ಶರಣರ ಕಾಯಕ ಮತ್ತು ದಾಸೋಹ, ಅಂದರೆ ನಿಷ್ಠೆಯ ದುಡಿಮೆ ಮತ್ತು ಅದರ ಫಲವನ್ನು ಹಂಚಿಕೊಳ್ಳುವುದು, ಈ ನೆಲದಲ್ಲಿ ಮೊದಲೇ ಬೇರೂರಿದ್ದವು.

ಸಿರಿಗೆರೆಯ ತರಳಬಾಳು ಮಠದ ಶಿವಕುಮಾರ ಶಿವಾಚಾರ್ಯ ಸ್ವಾಮೀಜಿ (1914–1992) ಹಳ್ಳಿ ಹಳ್ಳಿಗೆ ಶಾಲೆಗಳನ್ನು ಒಯ್ದುದಲ್ಲದೆ, ಬದುಕಿರುವಾಗಲೇ ಪೀಠವನ್ನು ಉತ್ತರಾಧಿಕಾರಿಗೆ ಒಪ್ಪಿಸಿದರು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 1997ರಲ್ಲಿ ಆರಂಭಿಸಿದ ಶಿವಸಂಚಾರ ಎಂಬ ತಿರುಗಾಟದ ರಂಗತಂಡ ಈ ಕಲ್ಪನೆಗೆ ಮತ್ತೊಂದು ಮುಖ ಕೊಟ್ಟಿತು: ಪ್ರತಿವರ್ಷ ಹೊಸ ನಾಟಕಗಳನ್ನು ಕಲಿತು ಊರೂರಿಗೆ ಹೊರಡುವ ಇಂಥ ತಂಡದಲ್ಲಿ ಇಂದು ರಾಜನ ಪಾತ್ರ ಮಾಡಿದವರು ನಾಳೆ ಸೇವಕನ ಪಾತ್ರ ಮಾಡಬೇಕಾಗುತ್ತದೆ, ರಂಗಸಜ್ಜಿಕೆಗೂ ಕೈ ಹಾಕಬೇಕಾಗುತ್ತದೆ.

ಈಚಿನ ಘಟ್ಟ ಪಂಚಾಯಿತಿಗಳದು. ಅಂದಿನ ಗ್ರಾಮೀಣಾಭಿವೃದ್ಧಿ ಸಚಿವ ಅಬ್ದುಲ್ ನಜೀರ್ ಸಾಬ್ ಅವರು ರೂಪಿಸಿದ 1983ರ ಕಾಯ್ದೆಯಂತೆ 1987ರಲ್ಲಿ ನಡೆದ ಚುನಾವಣೆಗಳಲ್ಲಿ ಮಹಿಳೆಯರಿಗೆ ಶೇ. 25ರಷ್ಟು ಸ್ಥಾನ ಮೀಸಲಾಗಿತ್ತು. ಇಂದು ಅದು ಶೇ. 50. ಬೋರ್‌ವೆಲ್ ಕೆಟ್ಟರೆ, ಉದ್ಯೋಗ ಖಾತರಿಯ ಕೂಲಿ ತಡವಾದರೆ ಈ ತಾಲ್ಲೂಕುಗಳ ಜನ ಮೊದಲು ಕೇಳುವುದು ಪಂಚಾಯಿತಿ ಸದಸ್ಯೆಯನ್ನೇ. ಆದರೆ ಮೀಸಲಾತಿ ಸರದಿಯಂತೆ ಬದಲಾಗುವುದರಿಂದ, ಕಡತ ಓದುವುದನ್ನೂ ಸಭೆ ನಡೆಸುವುದನ್ನೂ ಕಲಿತ ಮಹಿಳೆಗೆ ಮುಂದಿನ ಸಲ ಅದೇ ಸ್ಥಾನ ಸಿಗುವ ಭರವಸೆಯಿಲ್ಲ. ಗಂಡನೋ ಮಗನೋ ಅವಳ ಪರವಾಗಿ ಅಧಿಕಾರ ಚಲಾಯಿಸುವ ರೂಢಿಯೂ ಪೂರ್ತಿ ಅಳಿದಿಲ್ಲ. ಸ್ಥಾನ ತಪ್ಪಿದ ಮೇಲೆ ಅವಳ ಅನುಭವವನ್ನು ಗ್ರಾಮಸಭೆಯಲ್ಲಿ, ಸ್ತ್ರೀಶಕ್ತಿ ಸಂಘಗಳಲ್ಲಿ ಹೇಗೆ ಬಳಸಿಕೊಳ್ಳಬೇಕೆಂಬುದು ಈ ಕ್ಷೇತ್ರದಲ್ಲಿ ಇನ್ನೂ ಉತ್ತರ ಸಿಗದ ಮುಖ್ಯ ಪ್ರಶ್ನೆಯಾಗಿದೆ.