ಸೀಟು ಯಾರಪ್ಪನದು?

ಈಗಿನ ಹುಡುಗರಿಗೆ ಸಿಇಟಿ ಅಂದ್ರೆ ತಲೆನೋವು. ಸರ್ವರ್ ಡೌನ್, ದಾಖಲೆ ಪರಿಶೀಲನೆಗೆ ಓಡಾಟ, ಆಪ್ಷನ್ ಎಂಟ್ರಿಯಲ್ಲಿ ಯಾವ ಕಾಲೇಜು ಮೊದಲು ಹಾಕೋದು ಅಂತ ಮನೆಯಲ್ಲಿ ಜಗಳ. ಬೈಯಲಿ, ಬೈಯೋದಕ್ಕೆ ಕಾರಣಗಳೂ ಇವೆ. ಆದರೆ ಇದು ಇಲ್ಲದಿದ್ದಾಗ ಏನಿತ್ತು ಅಂತ ಅವರಿಗೆ ಯಾರಾದರೂ ಹೇಳಬೇಕಲ್ಲ?

ಆಗ ಇದ್ದದ್ದು ಡೊನೇಷನ್. ದೇಶದ ಮೊದಲ ಸ್ವಹಣಕಾಸಿನ ಖಾಸಗಿ ಮೆಡಿಕಲ್ ಕಾಲೇಜು 1953ರಲ್ಲಿ ಶುರುವಾಗಿದ್ದು ನಮ್ಮ ಮಣಿಪಾಲದಲ್ಲಿ. ಸರ್ಕಾರದ ಕೈಯಲ್ಲಿ ಕಾಸಿಲ್ಲದ ಕಾಲದಲ್ಲಿ ಖಾಸಗಿಯವರು ಕಟ್ಟಿದರು, ನಾಡಿಗೆ ಡಾಕ್ಟರುಗಳು ಬಂದರು, ಅದನ್ನು ಅಲ್ಲಗಳೆಯುವ ಹಾಗಿಲ್ಲ. ಆಮೇಲೆ ಏನಾಯ್ತು? ಮಠಗಳು, ಜಾತಿ ಸಂಘಗಳು, ರಾಜಕಾರಣಿಗಳು ಎಲ್ಲರೂ ಕಾಲೇಜು ತೆರೆದರು. ದುಡ್ಡಿನ ಚೀಲ ಹಿಡಿದು ಉತ್ತರ ಭಾರತದಿಂದ ಜನ ರೈಲು ಹತ್ತಿ ಬಂದರು. ಅಂಕ ಇದ್ದ ರೈತನ ಮಗ ಗೇಟಿನ ಹೊರಗೆ ನಿಂತ.

1984ರಲ್ಲಿ, ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾಗಿದ್ದಾಗ, ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆ ಬಂತು. ಕಾಯ್ದೆ ಬಂತು, ವ್ಯಾಪಾರ ಹೋಗಲಿಲ್ಲ. 1989ರ ಜೂನ್ ಅಧಿಸೂಚನೆ ನೋಡಿ. ಖಾಸಗಿ ಮೆಡಿಕಲ್ ಕಾಲೇಜಿನಲ್ಲಿ ಸರ್ಕಾರಿ ಸೀಟಿಗೆ ವರ್ಷಕ್ಕೆ 2,000 ರೂಪಾಯಿ, ಉಳಿದ ಕರ್ನಾಟಕದ ವಿದ್ಯಾರ್ಥಿಗಳಿಗೆ 25,000, ಹೊರ ರಾಜ್ಯದವರಿಗೆ 60,000ದವರೆಗೆ! ಅದೇ ಬೆಂಚು, ಅದೇ ಮೇಷ್ಟ್ರು, ಕೊಯ್ಯೋದಕ್ಕೆ ಅದೇ ಹೆಣ. ಬೆಲೆ ಮಾತ್ರ ಮೂರು.

ಉತ್ತರ ಪ್ರದೇಶದ ಮೀರತ್‌ನಿಂದ ತುಮಕೂರಿನ ಕಾಲೇಜಿಗೆ ಅರ್ಜಿ ಹಾಕಿದ್ದ ಒಬ್ಬ ಹೆಣ್ಣುಮಗಳು ಈ 60,000 ಕೊಡೋಕಾಗಲ್ಲ ಅಂತ ಸುಪ್ರೀಂ ಕೋರ್ಟಿಗೆ ಹೋದಳು. ಅದೇ ಮೋಹಿನಿ ಜೈನ್ ಪ್ರಕರಣ. 1992ರ ಜುಲೈನಲ್ಲಿ ಕೋರ್ಟು, ಕ್ಯಾಪಿಟೇಷನ್ ಅಂದರೆ ಶಿಕ್ಷಣದ ಮಾರಾಟ, ಅದು ಸಂವಿಧಾನಕ್ಕೆ ವಿರುದ್ಧ ಅಂದಿತು. ಮರುವರ್ಷ ಫೆಬ್ರವರಿಯಲ್ಲಿ ಉನ್ನಿಕೃಷ್ಣನ್ ತೀರ್ಪು. ವೃತ್ತಿಶಿಕ್ಷಣ ಮೂಲಭೂತ ಹಕ್ಕೇನಲ್ಲ ಅಂತ ಐವರು ನ್ಯಾಯಮೂರ್ತಿಗಳು ಸ್ವಲ್ಪ ಹಿಂದೆ ಸರಿದರು, ಆದರೆ ಲಗಾಮು ಹಾಕಿದರು: ಅರ್ಧ ಫ್ರೀ ಸೀಟು, ಅರ್ಧ ಪೇಮೆಂಟ್ ಸೀಟು, ಎರಡೂ ಮೆರಿಟ್ ಮೇಲೇ.

ಸರಿ, ಮೆರಿಟ್ ಅಳೆಯೋರು ಯಾರು? ಅದಕ್ಕೇ 1994ರಲ್ಲಿ ಸಿಇಟಿ ಸೆಲ್ ಹುಟ್ಟಿತು. ಆಗ ಆನ್‌ಲೈನ್ ಎಲ್ಲಿತ್ತು ಸ್ವಾಮಿ! ರ್‍ಯಾಂಕ್ ಪ್ರಕಾರ ಕೌನ್ಸೆಲಿಂಗಿಗೆ ಕರೆ. ಊರಿಂದ ರಾತ್ರಿ ಬಸ್ಸಿನಲ್ಲಿ ಬಂದ ಅಪ್ಪ, ಮಗಳು. ಉಳಿದ ಸೀಟುಗಳು ಪರದೆಯ ಮೇಲೆ ಒಂದೊಂದಾಗಿ ಕರಗುತ್ತಿದ್ದವು. ತಮ್ಮ ಸರದಿ ಬರೋವರೆಗೂ ಆ ಒಂದು ಸೀಟು ಇರಲಪ್ಪಾ ಅಂತ ಮನೆದೇವರಿಗೆ ಹರಕೆ. ಯಾರ ಚೀಟಿಯೂ ಬೇಡ, ಎಂಎಲ್‌ಎ ಫೋನೂ ಬೇಡ. ಹೆಸರು ಕರೆದಾಗ ಆ ಹುಡುಗಿಯೇ ಎದ್ದು ಹೋಗಿ ಆರಿಸಿಕೊಳ್ಳಬೇಕು. ನನ್ನ ಲೆಕ್ಕದಲ್ಲಿ ಭೂಸುಧಾರಣೆಯ ನಂತರ ಈ ರಾಜ್ಯದ ಹಳ್ಳಿ ಮನೆಗಳಿಗೆ ಸಿಕ್ಕ ದೊಡ್ಡ ನ್ಯಾಯ ಇದು.

ಖಾಸಗಿಯವರು ಸುಮ್ಮನಿರಲಿಲ್ಲ. 2002ರ ಅಕ್ಟೋಬರ್ 31ರಂದು ಟಿ.ಎಂ.ಎ. ಪೈ ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಉನ್ನಿಕೃಷ್ಣನ್ ಯೋಜನೆಯನ್ನೇ ತೆಗೆದುಹಾಕಿತು. 2005ರ ಇನಾಮದಾರ್ ತೀರ್ಪು, ಅನುದಾನ ಪಡೆಯದ ಕಾಲೇಜಿನ ಮೇಲೆ ಸರ್ಕಾರ ತನ್ನ ಕೋಟಾ ಹೇರುವಂತಿಲ್ಲ ಅಂದಿತು, ಕ್ಯಾಪಿಟೇಷನ್ ಮಾತ್ರ ಕೂಡದು. ಆಮೇಲಿಂದ ಪ್ರತಿ ಬೇಸಿಗೆಯಲ್ಲೂ ಸರ್ಕಾರ ಮತ್ತು ಕಾಲೇಜುಗಳ ಚೌಕಾಸಿ: ಸರ್ಕಾರಕ್ಕಿಷ್ಟು, ಕಾಮೆಡ್-ಕೆಗಿಷ್ಟು, ಮ್ಯಾನೇಜ್‌ಮೆಂಟಿಗಿಷ್ಟು. ಮೆಡಿಕಲ್ಲನ್ನು ನೀಟ್ ನುಂಗಿತು. ಕೆಇಎ ರ್‍ಯಾಂಕ್ ಪಟ್ಟಿ ಮಾಡಿ ಸೀಟು ಹಂಚುತ್ತೆ ಅಷ್ಟೇ.

ಆದರೂ ಕಳ್ಳದಾರಿ ಮುಚ್ಚಲಿಲ್ಲ. ಸೀಟು ಬ್ಲಾಕಿಂಗ್ ಕೇಳಿದ್ದೀರಲ್ಲ? ಸೇರುವ ಮನಸ್ಸೇ ಇಲ್ಲದವರ ಹೆಸರಲ್ಲಿ ಒಳ್ಳೆ ಕಾಲೇಜಿನ ಸೀಟು ಹಿಡಿಯೋದು, ಕೊನೆಯ ಸುತ್ತು ಮುಗಿದ ಮೇಲೆ ಕೈಬಿಡೋದು. ಖಾಲಿ ಬಿದ್ದ ಸೀಟು ಮ್ಯಾನೇಜ್‌ಮೆಂಟ್ ಮಡಿಲಿಗೆ. 2024ರ ನವೆಂಬರ್‌ನಲ್ಲಿ ಕೆಇಎ ದೂರು ಕೊಟ್ಟು, ಮಲ್ಲೇಶ್ವರಂ ಪೊಲೀಸರು ಕೇಸು ಹಾಕಿದರು. ಆ ಹೊತ್ತಿಗೆ ಪಟ್ಟಿಯಲ್ಲಿ ಮುಂದಿನ ಹೆಸರಿನ ಹುಡುಗಿ ಬೇರೆ ಕಾಲೇಜಿಗೆ ಫೀಸು ಕಟ್ಟಿ, ಮೊದಲ ಸೆಮಿಸ್ಟರ್‌ ಕ್ಲಾಸಿನಲ್ಲಿ ಕೂತಾಗಿತ್ತು.