ಡೆಂಗಿ ಜ್ವರ: ಸೊಳ್ಳೆ ಉತ್ಪತ್ತಿಯ ನಿಯಂತ್ರಣ ಮತ್ತು ಮುಂಜಾಗ್ರತಾ ಕ್ರಮಗಳು

ಡೆಂಗಿ ಜ್ವರವು ವೈರಾಣುವಿನಿಂದ ಬರುವ ಕಾಯಿಲೆಯಾಗಿದ್ದು, ಸೋಂಕು ಹೊಂದಿದ ಹೆಣ್ಣು ಈಡಿಸ್ ಸೊಳ್ಳೆಯ ಕಡಿತದಿಂದ ಹರಡುತ್ತದೆ. ಈ ವೈರಾಣುವಿನಲ್ಲಿ 4 ಬಗೆಗಳಿವೆ. ಒಂದರಿಂದ ಗುಣಮುಖರಾದವರಿಗೆ ಮತ್ತೊಂದು ತಗಲಬಹುದು. ಎರಡನೆಯ ಬಾರಿಯ ಸೋಂಕು ಹೆಚ್ಚು ತೀವ್ರವಾಗುವ ಸಂಭವವಿದೆ. ಕರ್ನಾಟಕ ಸರ್ಕಾರವು 2024ರಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಉತ್ಪತ್ತಿಗೆ ಆಸ್ಪದ ನೀಡುವವರಿಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿತು.

ಚರಂಡಿಯೇ ಎಲ್ಲ ಸೊಳ್ಳೆಗಳ ಮೂಲವೆಂಬ ಭಾವನೆ ಸಾರ್ವಜನಿಕರಲ್ಲಿದೆ. ಮೈಮೇಲೆ ಬಿಳಿ ಪಟ್ಟೆಗಳುಳ್ಳ, ಹಗಲಿನಲ್ಲಿ ಕಚ್ಚುವ ಈಡಿಸ್ ಸೊಳ್ಳೆಯಾದರೋ ಹೆಚ್ಚಾಗಿ ಮನೆಯ ಒಳಗೆ ಹಾಗೂ ಸುತ್ತಮುತ್ತ ನಿಂತ ತಿಳಿನೀರಿನಲ್ಲಿ ಬೆಳೆಯುತ್ತದೆ. ಸಿಮೆಂಟ್ ತೊಟ್ಟಿ, ಡ್ರಮ್ಮು, ಏರ್ ಕೂಲರ್, ಫ್ರಿಜ್ಜಿನ ಹಿಂಬದಿಯ ತಟ್ಟೆ, ಹಳೆಯ ಟೈರು, ಒರಳುಕಲ್ಲು, ಎಳನೀರಿನ ಬುರುಡೆ ಇದರ ಮುಖ್ಯ ತಾಣಗಳು. ಮಲೆನಾಡು ಮತ್ತು ಕರಾವಳಿಯ ತೋಟಗಳಲ್ಲಿ ಬಿದ್ದ ಅಡಿಕೆ ಹಾಳೆ, ರಬ್ಬರ್ ಹಾಲು ಸಂಗ್ರಹಿಸುವ ಚಿಪ್ಪುಗಳಲ್ಲಿಯೂ ನೀರು ನಿಲ್ಲುತ್ತದೆ. ನಲ್ಲಿಯಲ್ಲಿ ಹಲವು ದಿನಗಳಿಗೊಮ್ಮೆ ನೀರು ಬರುವ ಊರುಗಳಲ್ಲಿ ನೀರನ್ನು ಶೇಖರಿಸಿಡುವುದು ಅನಿವಾರ್ಯವಾದುದರಿಂದ, ಅಲ್ಲಿ ಮಳೆಯಿಲ್ಲದ ಕಾಲದಲ್ಲಿಯೂ ರೋಗ ಕಾಣಿಸಿಕೊಳ್ಳಬಹುದು.

ಈ ಸೊಳ್ಳೆಯು ಮೊಟ್ಟೆಗಳನ್ನು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಪಾತ್ರೆಯ ಒಳಮೈಗೆ ಅಂಟಿಸುತ್ತದೆ. ಒಣಗಿದರೂ ಅವು ಹಲವು ತಿಂಗಳು ಜೀವಂತವಿದ್ದು, ಪುನಃ ನೀರು ತಾಕಿದೊಡನೆ ಮರಿಯಾಗುತ್ತವೆ. ಆದ್ದರಿಂದ ನೀರನ್ನು ಚೆಲ್ಲಿದರೆ ಸಾಲದು. ತೊಟ್ಟಿಯ ಒಳಮೈಯನ್ನು ಬ್ರಷ್ ಅಥವಾ ತೆಂಗಿನ ನಾರಿನಿಂದ ಉಜ್ಜಿ ತೊಳೆದು, ಒಣಗಿಸಿ, ನೀರು ತುಂಬಿದ ಬಳಿಕ ಭದ್ರವಾಗಿ ಮುಚ್ಚತಕ್ಕದ್ದು. ಮೊಟ್ಟೆಯು ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಬೇಕಾಗುವುದರಿಂದ ಈ ಕಾರ್ಯವು ವಾರಕ್ಕೊಮ್ಮೆ ತಪ್ಪದೆ ನಡೆಯಬೇಕು. ಖಾಲಿ ಮಾಡಲಾಗದ ದೊಡ್ಡ ತೊಟ್ಟಿಗಳಿಗೆ ಲಾರ್ವಾಹಾರಿ ಗಪ್ಪಿ ಮೀನುಗಳನ್ನು ಬಿಡಬಹುದು. ಧೂಮೀಕರಣವು ಹಾರಾಡುವ ಸೊಳ್ಳೆಗಳನ್ನು ಮಾತ್ರ ಕೊಲ್ಲುತ್ತದೆ. ತೊಟ್ಟಿಯೊಳಗಿನ ಲಾರ್ವಾಗಳಿಗೆ ಅದರಿಂದ ಏನೂ ಆಗದು.

ಸೊಳ್ಳೆ ಕಚ್ಚಿದ 4ರಿಂದ 10 ದಿನಗಳಲ್ಲಿ ಹಠಾತ್ತನೆ ತೀವ್ರ ಜ್ವರ, ಕಣ್ಣಿನ ಹಿಂಭಾಗದಲ್ಲಿ ನೋವು, ಕೀಲು ಮತ್ತು ಮಾಂಸಖಂಡಗಳ ನೋವು ಕಾಣಿಸಿಕೊಳ್ಳುತ್ತವೆ. ಜ್ವರಕ್ಕೆ ವೈದ್ಯರ ಸಲಹೆಯಂತೆ ಪ್ಯಾರಾಸಿಟಮಾಲ್ ನೀಡಬಹುದು. ಆಸ್ಪಿರಿನ್, ಐಬುಪ್ರೊಫೇನ್ ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸಬಹುದಾದ್ದರಿಂದ ಅವುಗಳನ್ನು ಕೊಡಕೂಡದು. ಜ್ವರ ಇಳಿದೊಡನೆ ಅಪಾಯ ಕಳೆಯಿತೆಂದು ತಿಳಿಯಬಾರದು. 3ರಿಂದ 7ನೇ ದಿನದೊಳಗೆ ಜ್ವರ ಇಳಿಯುವ ಹೊತ್ತಿನಲ್ಲಿಯೇ ಕೆಲವರಲ್ಲಿ ರೋಗ ಉಲ್ಬಣಿಸುತ್ತದೆ. ತೀವ್ರ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಅಥವಾ ಮೂಗಿನಿಂದ ರಕ್ತ, ತೀರಾ ನಿತ್ರಾಣ ಕಂಡುಬಂದಲ್ಲಿ ಕೂಡಲೇ ಆಸ್ಪತ್ರೆಗೆ ದಾಖಲಿಸತಕ್ಕದ್ದು.

ಜ್ವರವಿರುವ ದಿನಗಳಲ್ಲಿ ರೋಗಿಯನ್ನು ಹಗಲಿನಲ್ಲಿಯೂ ಸೊಳ್ಳೆಪರದೆಯೊಳಗೆ ಮಲಗಿಸಬೇಕು. ಆ ಅವಧಿಯಲ್ಲಿ ರೋಗಿಯನ್ನು ಕಚ್ಚಿದ ಸೊಳ್ಳೆಯು ಮುಂದೆ ಮನೆಯ ಇತರರಿಗೆ ಸೋಂಕು ದಾಟಿಸಬಲ್ಲದು.