ಬೋಳಿಸಿದ ತಲೆ, ತೊಟ್ಟ ಕೂದಲು

ನಮ್ಮ ಕಡೆ ಸಿಟ್ಟು ಬಂದವರ ಬಾಯಲ್ಲಿ ಸಲೀಸಾಗಿ ಉರುಳುವ ಬೈಗುಳ ‘ಬೋಳಿಮಗ’. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರಿನ ಸಂತೆಗಳಲ್ಲಿ ಇದು ದಿನವೂ ಕಿವಿಗೆ ಬೀಳುತ್ತದೆ. ಬೈಸಿಕೊಂಡವನು ಗಂಡಸು, ಆದರೆ ಅವಮಾನ ಮಾತ್ರ ತಲೆ ಬೋಳಿಸಿಕೊಂಡ ಒಬ್ಬ ಹೆಂಗಸಿನದು. ಆ ಪದ್ಧತಿ ಹೋಯಿತು, ಬೈಗುಳ ಉಳಿಯಿತು.

ಗಂಡ ಸತ್ತವಳ ಕೂದಲು ತೆಗೆಸುವುದು ಮುಖ್ಯವಾಗಿ ಬ್ರಾಹ್ಮಣ ಮನೆಗಳ ಕಟ್ಟಳೆಯಾಗಿತ್ತು. ಈ ಭಾಗದ ಅನೇಕ ಒಕ್ಕಲು, ಕಸುಬುದಾರ ಸಮುದಾಯಗಳಲ್ಲಿ ವಿಧವೆಗೆ ಸೀರೆ ಉಡಿಸಿ ಮತ್ತೊಂದು ಸಂಸಾರಕ್ಕೆ ದಾರಿ ಮಾಡಿಕೊಡುವ ‘ಉಡಿಕೆ’ ರೂಢಿಯಲ್ಲಿತ್ತು. ಒಂದೇ ಊರಿನ ಒಂದು ಓಣಿಯಲ್ಲಿ ಉಡಿಕೆ, ಇನ್ನೊಂದರಲ್ಲಿ ಕ್ಷೌರದ ಕತ್ತಿ. 1856ರ ಕಾನೂನು ವಿಧವೆಯ ಮರುಮದುವೆಗೆ ಮಾನ್ಯತೆ ಕೊಟ್ಟರೂ ಕತ್ತಿಯನ್ನು ತಡೆಯಲಿಲ್ಲ.

ಕತ್ತಿ ಹಿಡಿದವರೇ ತಡೆಯಲು ಮುಂದಾದದ್ದು 1890ರಲ್ಲಿ. ಮುಂಬಯಿಯ ಕ್ಷೌರಿಕರು ಸಭೆ ಸೇರಿ, ವಿಧವೆಯರ ತಲೆ ಬೋಳಿಸುವುದಿಲ್ಲವೆಂದು ನಿರ್ಧರಿಸಿದರು. ಇದರ ಹಿಂದೆ ಸತ್ಯಶೋಧಕ ಚಳವಳಿಯ ನಾರಾಯಣ ಮೇಘಾಜಿ ಲೋಖಂಡೆ ಇದ್ದರು. ಆಗ ನಮ್ಮ ಈ ಮೂರೂ ಊರುಗಳು ಮುಂಬಯಿ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ಶಾಸ್ತ್ರದ ವಾದ ಪಂಡಿತರ ನಡುವೆ ನಡೆಯುತ್ತಿದ್ದಾಗ, ‘ಈ ಕೆಲಸ ನಾವು ಮಾಡೆವು’ ಎಂದವರು ಕಸುಬಿನವರು.

ಕನ್ನಡದಲ್ಲಿ ಈ ನೋವನ್ನು ನಿಚ್ಚಳವಾಗಿ ಕಾಣಿಸಿದ್ದು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976). ಮಲೆನಾಡಿನ ಬಾಲವಿಧವೆ ಫಣಿಯಮ್ಮ ತನಗೆ ಆದದ್ದನ್ನು ಸಹಿಸಿದಳು. ಮುಂದಿನ ತಲೆಮಾರಿನ ದಾಕ್ಷಾಯಣಿ ತಲೆ ಕೊಡಲು ಒಪ್ಪಲಿಲ್ಲ. 1983ರಲ್ಲಿ ಪ್ರೇಮಾ ಕಾರಂತರು ಇದನ್ನು ಸಿನಿಮಾ ಮಾಡಿದರು.

ಇನ್ನು ತೊಡುವ ಕೂದಲಿನ ಕತೆ. ಅದಕ್ಕೆ ನಮ್ಮಲ್ಲಿ ಹೆಸರುಗಳಿಗೆ ಕೊರತೆಯಿಲ್ಲ. ಜಡೆಗೆ ಸೇರಿಸುವುದು ಚೌರಿ. ಮರಾಠಿ ನಂಟಿನವರಿಗೆ ಅದೇ ಗಂಗಾವನ. ಕಂಪನಿ ನಾಟಕದವರು ತಲೆಗೆ ಏರಿಸುತ್ತಿದ್ದುದು ಟೋಪನ್. ಹೆಣ್ಣುಮಕ್ಕಳು ರಂಗಕ್ಕೆ ಬರುವುದು ಅಪರೂಪವಾಗಿದ್ದ ಕಾಲದಲ್ಲಿ ಗಂಡಸರೇ ಹೆಣ್ಣಿನ ಪಾತ್ರ ಕಟ್ಟುತ್ತಿದ್ದರು. ಉದ್ದ ಜಡೆಯ ನಾಯಕಿಯಾಗಿ ಬಂದ ಗಂಡಸಿಗೆ ಜನ ಚಪ್ಪಾಳೆ ತಟ್ಟಿದರು. ಅದೇ ಕಾಲದ ಬೋಳುತಲೆಯ ವಿಧವೆಗೆ ಚೌರಿ ಮುಡಿಯುವ ಮಾತೇ ಇರಲಿಲ್ಲ. ಕೆಂಪು ಸೀರೆಯ ಸೆರಗೇ ಅವಳ ತಲೆಗೆ ಹೊದಿಕೆ. ಸುಳ್ಳು ಕೂದಲೂ ಮುತ್ತೈದೆಯ ಸೊತ್ತು.

ಈಗ ಕೂದಲು ದೊಡ್ಡ ವ್ಯಾಪಾರ. ಬಾಚಣಿಗೆಗೆ ಸಿಕ್ಕ ಕೂದಲನ್ನು ಓಣಿಯಲ್ಲಿ ಕೂಗುತ್ತ ಬರುವವರಿಗೆ ಕೊಟ್ಟರೆ ಪಿನ್ನೋ ಪಾತ್ರೆಯೋ ಸಿಗುತ್ತದೆ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಇಂಥ ಕೂದಲಿನ ಸಿಕ್ಕು ಬಿಡಿಸಿ, ಉದ್ದಕ್ಕೆ ತಕ್ಕಂತೆ ವಿಂಗಡಿಸಿ ಹೊರದೇಶಕ್ಕೆ ಕಳಿಸುವ ಉದ್ಯಮವೇ ಬೆಳೆದಿದೆ. ತಿರುಪತಿಯಲ್ಲಿ ಭಕ್ತರು ಕೊಟ್ಟ ಮುಡಿಯೂ ಹರಾಜಾಗಿ ವಿಗ್ ಆಗುತ್ತದೆ. 2004ರಲ್ಲಿ ಜೆರುಸಲೇಮಿನ ಯಹೂದಿ ಧರ್ಮಗುರು ಯೋಸೆಫ್ ಶಾಲೋಮ್ ಎಲ್ಯಾಶಿವ್, ಈ ಮುಡಿ ಅನ್ಯದೇವರ ಪೂಜೆಗೆ ಸಂದದ್ದು, ಅದರ ವಿಗ್ ತೊಡಬಾರದು ಎಂದರು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಹೆಂಗಸರು ತಮ್ಮ ವಿಗ್‌ಗಳನ್ನು ಬೀದಿಯಲ್ಲಿ ಸುಟ್ಟರು. ನಮ್ಮವರು ದೇವರಿಗೆ ಒಪ್ಪಿಸಿದ ಕೂದಲು ಅಲ್ಲಿಯೂ ಹೆಂಗಸಿನ ತಲೆಯ ಮೇಲಿನ ಅಪ್ಪಣೆಗೇ ಸಿಲುಕಿತು.

ಇವತ್ತು ಕ್ಯಾನ್ಸರ್ ಚಿಕಿತ್ಸೆಯಲ್ಲಿ ಕೂದಲು ಉದುರುವ ಮೊದಲೇ ತಲೆ ಬೋಳಿಸಿಕೊಳ್ಳುವವರಿದ್ದಾರೆ. ಆಮೇಲೆ ವಿಗ್ ತೊಡುವವರು, ಬಟ್ಟೆ ಸುತ್ತುವವರು, ಹಾಗೆಯೇ ಹೊರಗೆ ಬರುವವರೂ ಇದ್ದಾರೆ. ಹೊರನೋಟಕ್ಕೆ ಬೋಳುತಲೆ ಅಂದಿನದೇ. ಆದರೆ ಅಂದು ಅವಳನ್ನು ಯಾರೂ ಕೇಳಿರಲಿಲ್ಲ. ತಲೆಯನ್ನು ಮುಚ್ಚಬೇಕೋ ಬೇಡವೋ ಎಂಬುದನ್ನು ಇಂದು ಅವಳು ಹೇಳಬಲ್ಲಳು. ಅವಳ ಎದುರು ‘ಬೋಳಿ’ ಎಂಬ ಪದ ಬೈಗುಳವಾಗಿ ನಮ್ಮ ನಾಲಿಗೆಗೆ ಬರದಿದ್ದರೆ, 1890ರಲ್ಲಿ ಕತ್ತಿ ಕೆಳಗಿಟ್ಟವರ ಕೆಲಸ ಇನ್ನೊಂದು ಹೆಜ್ಜೆ ಮುಂದೆ ಹೋದಂತೆ.